ಔರಾದಿನ ಹುಡುಗ ಪ್ರೊ ಪ್ಲೇಯರ್ ಆಗಬೇಕಂದ್ರೆ: ಒಂದು ಮನೆಯ ಲೆಕ್ಕಾಚಾರ

ಆಗಸ್ಟ್ 2020. ಪಬ್‌ಜಿ ಮೊಬೈಲ್ ವರ್ಲ್ಡ್ ಲೀಗ್‌ನ ಈಸ್ಟ್ ವಿಭಾಗದಲ್ಲಿ ಭಾರತದ ಆರೆಂಜ್ ರಾಕ್ ತಂಡ ಎರಡನೇ ಸ್ಥಾನಕ್ಕೆ ಬಂತು. ಅವರಿಗಿಂತ ಮುಂದಿದ್ದದ್ದು ಇಂಡೋನೇಷ್ಯಾದ ಬಿಗೆಟ್ರಾನ್ ಮಾತ್ರ. ಇದಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಆಡುವವರು ಇದ್ದರು, ಅಭಿಮಾನಿಗಳು ಇದ್ದರು, ಆಟವೇ ಇರಲಿಲ್ಲ.

ಈ ಹಳೇ ಕಥೆ ಈಗ ಯಾಕೆ ಅಂದ್ರೆ, ನಮ್ಮ ಮನೆಯಲ್ಲೇ ಈ ಪ್ರಶ್ನೆ ಬಂದು ಕೂತಿದೆ. ನಮ್ಮ ಕಾಕಾ ಔರಾದ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸೋಯಾ, ತೊಗರಿ ಬೆಳೆಯುವ ರೈತರು. ಅವರ ಮಗ ಭಾಲ್ಕಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಹುಡುಗನ ಕೈ ಚುರುಕು, ಬಿಜಿಎಂಐ ಆಟದಲ್ಲಿ ಒಳ್ಳೆಯ ರ‍್ಯಾಂಕ್ ಇದೆ. ಕಾಲೇಜು ಬಿಟ್ಟು, ಮುಂಬೈಗೆ ಹೋಗಿ ಯಾವುದೋ ತಂಡದ ಜೊತೆ ಇದ್ದು ಆಡ್ತೀನಿ ಅಂತ ಹಟ. ನಾನು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋದರಿಂದ ಕಾಕಾ ನನಗೇ ಫೋನ್ ಮಾಡಿದರು: "ತಮ್ಮಾ, ನಿಮ್ಮ ಕಂಪ್ಯೂಟರ್ ಲೈನಿನ್ಯಾಗ ಇದೂ ಒಂದು ನೌಕ್ರಿ ಅದ ಅಂತ ಹೇಳ್ಲತ್ತಾನ. ಖರೇ ಏನು?"

ಖರೇನೇ. ನೌಕರಿ ಇದೆ. ಆದರೆ ಎಂಥ ನೌಕರಿ ಅನ್ನೋದನ್ನ ಕೂತು ಬಿಡಿಸಿ ನೋಡಬೇಕು. ನಿಮ್ಮ ಮನೆಯಲ್ಲೂ ಇಂಥ ತಮ್ಮನೋ ತಂಗಿಯೋ ಇದ್ದರೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು.

33 ತಿಂಗಳಲ್ಲಿ 20 ತಿಂಗಳು ಬಾಗಿಲು ಬಂದ್

ನಿಷೇಧ ಆಗಿದ್ದು ಸೆಪ್ಟೆಂಬರ್ 2020ರಲ್ಲಿ. ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ಭಾರತಕ್ಕೆಂದೇ ಬದಲಿಸಿ, ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದ್ರೆ ಬಿಜಿಎಂಐ ಎಂಬ ಹೆಸರಲ್ಲಿ ತಂದಿದ್ದು 2 ಜುಲೈ 2021ಕ್ಕೆ. ನಡುವೆ ಹತ್ತು ತಿಂಗಳು ಖಾಲಿ. ಆಮೇಲೆ ಒಂದು ವರ್ಷ ಭರಾಟೆ. 2022ರ ಜೂನ್-ಜುಲೈನಲ್ಲಿ ನಡೆದ ಬಿಜಿಎಂಐ ಮಾಸ್ಟರ್ಸ್ ಸೀರೀಸ್ ಸ್ಟಾರ್ ಸ್ಪೋರ್ಟ್ಸ್ 2 ಚಾನೆಲ್‌ನಲ್ಲೇ ಬಂತು. ಮನೆಯ ಟಿವಿಯಲ್ಲಿ, ಅಪ್ಪ-ಅಮ್ಮನ ಎದುರಿಗೇ, ಗೇಮಿಂಗ್ ಟೂರ್ನಿ! ಈ ಹುಡುಗರ ಪಾಲಿಗೆ ಅದು ಸಣ್ಣ ಮಾತಲ್ಲ.

ಅದೇ ತಿಂಗಳು, ಜುಲೈ 28ಕ್ಕೆ, ಬಿಜಿಎಂಐ ಪ್ಲೇ ಸ್ಟೋರ್‌ನಿಂದ ಮಾಯ. ಮತ್ತೆ ವಾಪಸ್ ಬಂದಿದ್ದು ಮೇ 2023ರ ಕೊನೆಗೆ. ಮತ್ತೆ ಹತ್ತು ತಿಂಗಳು ಖಾಲಿ.

ಕೂಡಿಸಿ ನೋಡಿ. ಸೆಪ್ಟೆಂಬರ್ 2020ರಿಂದ ಮೇ 2023ರ ತನಕ 33 ತಿಂಗಳು. ಅದರಲ್ಲಿ ಸುಮಾರು 20 ತಿಂಗಳು ಬಾಗಿಲು ಬಂದ್. ಹದಿನೆಂಟು ವರ್ಷದ ಹುಡುಗ ಈ ವೃತ್ತಿಗೆ ಇಳಿದಿದ್ದರೆ ಇಪ್ಪತ್ತು ದಾಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಸಮಯ ಬರೀ ಕಾಯೋದರಲ್ಲೇ ಹೋಗಿರುತ್ತಿತ್ತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಮೊದಲ ಸಲ ಪದಕ ಕೊಟ್ಟರು. ಪಬ್‌ಜಿ ಮೊಬೈಲ್ ಕೂಡ ಅದರಲ್ಲಿತ್ತು. ನಮ್ಮವರು ಬೇರೆ ಕೆಲವು ಗೇಮ್‌ಗಳಲ್ಲಿ ಆಡಿದರು, ಇದರಲ್ಲಿ ಭಾರತದ ತಂಡ ಇರಲಿಲ್ಲ.

ಮೈದಾನವೇ ಬೇರೆಯವರದ್ದು

ನನ್ನ ತಮ್ಮ ಇದಕ್ಕೆ ಒಂದು ಒಳ್ಳೆ ಮಾತು ಹೇಳಿದ: "ಅಣ್ಣಾ, ಕ್ರಿಕೆಟ್ ಆಡವ್ರಿಗಿ ಯಾರೂ ಹಿಂಗ ಕೇಳಂಗಿಲ್ಲ. ನಮಗ ಯಾಕ ಕೇಳ್ತಾರ?"

ಕ್ರಿಕೆಟ್ ಆಡಿ ದೊಡ್ಡವರಾಗೋದೂ ಲಕ್ಷಕ್ಕೆ ಒಬ್ಬರೇ, ಅದು ನಿಜ. ಆದರೆ ಕ್ರಿಕೆಟ್ಟಿಗೆ ಮಾಲೀಕ ಇಲ್ಲ. ಯಾವುದೋ ಲೀಗ್ ನಿಂತರೂ ಬ್ಯಾಟು, ಬಾಲು, ಬಯಲು ಇದ್ದೇ ಇರುತ್ತೆ. ಇ-ಸ್ಪೋರ್ಟ್ಸ್‌ನಲ್ಲಿ ಮೈದಾನವೇ ಒಂದು ಕಂಪನಿಯದ್ದು. ಅದರ ಬೀಗದ ಕೈ ಕಂಪನಿ ಹತ್ತಿರ ಒಂದು, ಸರ್ಕಾರದ ಹತ್ತಿರ ಒಂದು. ಆಟಗಾರನ ಹತ್ತಿರ ಇಲ್ಲ. ಗನ್‌ಗಳ ರಿಕಾಯಿಲ್ ಬದಲಾಯಿಸಿದರೂ ಅವರೇ, ಟೂರ್ನಿ ನಿಯಮ ಬರೆಯೋರೂ ಅವರೇ.

ಹಾಗಂತ ಸರ್ಕಾರ ಇದನ್ನು ಆಟ ಅಂತ ಒಪ್ಪಿಲ್ಲ ಅಂತಲ್ಲ. ಡಿಸೆಂಬರ್ 2022ರಲ್ಲೇ ಇ-ಸ್ಪೋರ್ಟ್ಸ್ ಕ್ರೀಡಾ ಇಲಾಖೆಯ ವ್ಯಾಪ್ತಿಗೆ ಬಂತು. ಆಗಸ್ಟ್ 2025ರಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟು, ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿತು. ನಮ್ಮ ಕಡೆ ಹುಡುಗರು ವಾಟ್ಸಾಪ್, ಟೆಲಿಗ್ರಾಂ ಗ್ರೂಪಿನಲ್ಲಿ ಐವತ್ತು ನೂರು ಹಾಕಿ, "ಕಿಲ್‌ಗೆ ಇಷ್ಟು" ಅಂತ ರೂಮ್ ಆಡ್ತಾರಲ್ಲ, ಅಂಥದ್ದರಿಂದ ದೂರ ಇರೋದೇ ಒಳ್ಳೇದು. ಸ್ಪರ್ಧೆಗೆ ನೋಂದಣಿ ಶುಲ್ಕ ಕಟ್ಟೋದು ಬೇರೆ, ಪಣ ಕಟ್ಟೋದು ಬೇರೆ.

ಐವತ್ತು ಲಕ್ಷ ಗೆದ್ದರೆ ಕೈಗೆಷ್ಟು?

ಬಿಜಿಎಂಐನ ಮೊದಲ ದೊಡ್ಡ ಟೂರ್ನಿ ಬಿಜಿಐಎಸ್ 2021ರ ಒಟ್ಟು ಬಹುಮಾನ ಒಂದು ಕೋಟಿ. ಗೆದ್ದ ಸ್ಕೈಲೈಟ್ಝ್ ಗೇಮಿಂಗ್ ತಂಡಕ್ಕೆ 50 ಲಕ್ಷ. ಕೇಳಿದರೆ ಯಾರಿಗಾದರೂ ಕಣ್ಣು ಅರಳುತ್ತೆ.

ಇಷ್ಟು ಹಣ ಗೆದ್ದ ಯಾವುದೋ ಒಂದು ತಂಡ ಅಂತ ಇಟ್ಕೊಂಡು ಕಾಕಾನ ಮುಂದೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಬಹುಮಾನದ ಹಣಕ್ಕೆ ಸಾಮಾನ್ಯವಾಗಿ 30% ತೆರಿಗೆ ಮೊದಲೇ ಕಡಿತ. ಉಳಿದದ್ದು 35 ಲಕ್ಷ. ತಂಡದ ಸಂಸ್ಥೆ ಅದರಲ್ಲಿ 20% ಇಟ್ಟುಕೊಂಡರೆ 28 ಲಕ್ಷ. ನಾಲ್ವರು ಆಟಗಾರರು, ಒಬ್ಬ ಕೋಚ್, ಸಮಪಾಲು ಅಂದರೆ ತಲಾ 5 ಲಕ್ಷ 60 ಸಾವಿರ. ಇದು ಇಡೀ ದೇಶಕ್ಕೆ ಮೊದಲ ಸ್ಥಾನ ಬಂದವರ ಲೆಕ್ಕ. ಫೈನಲ್‌ಗೆ ಹದಿನಾರು ತಂಡ ಬರುತ್ತವೆ. ಹತ್ತನೇ ಸ್ಥಾನದವರ ಪಾಲು ನೀವೇ ಊಹಿಸಿ.

ಅದಕ್ಕೇ ಈ ವೃತ್ತಿಯಲ್ಲಿ ಬಹುಮಾನಕ್ಕಿಂತ ತಿಂಗಳ ಸಂಬಳ, ಸ್ಪಾನ್ಸರ್, ಯೂಟ್ಯೂಬ್ ಲೈವ್ ಇವೇ ಹೊಟ್ಟೆ ತುಂಬಿಸೋದು. ಸಂಬಳ ಬರೋದು ಗುರುತಿರುವ ತಂಡ ಸೇರಿದ ಮೇಲೆ. ಅಲ್ಲೀತನಕ ಮನೆಯವರದ್ದೇ ಖರ್ಚು.

ಬೆರಳಿನ ವೇಗ ಒಂದೇ ಸಾಲದು

ಬೀದರ್ ನಗರದಲ್ಲಿ ಬೆಳೆದವರಿಗೆ ತಲೆ ಮೇಲೆ ಹಾಕ್ ವಿಮಾನದ ಸದ್ದು ಹೊಸದಲ್ಲ. ವಾಯುಪಡೆ ಇಲ್ಲಿ ಪೈಲಟ್‌ಗಳನ್ನು ತಯಾರು ಮಾಡುತ್ತೆ. ಕೈ ಚುರುಕಿದೆ ಅಂದ ಮಾತ್ರಕ್ಕೆ ಯಾರನ್ನೂ ಕಾಕ್‌ಪಿಟ್‌ನಲ್ಲಿ ಕೂರಿಸಲ್ಲ. ಶೂಟರ್ ಗೇಮ್‌ನಲ್ಲೂ ಹಾಗೇ. ತಂಡದಲ್ಲಿ ಒಬ್ಬ ಐಜಿಎಲ್, ಅಂದರೆ ಯಾವ ದಾರಿ ಹಿಡಿಯಬೇಕು, ಎಲ್ಲಿ ಜಗಳಕ್ಕೆ ಇಳಿಯಬಾರದು ಅಂತ ನಿರ್ಧರಿಸುವ ನಾಯಕ. ಮುಂದೆ ನುಗ್ಗೋನು ಒಬ್ಬ, ಹಿಂದಿನಿಂದ ಕಾಯೋನು ಒಬ್ಬ. ದಿನಾ ಬೇರೆ ತಂಡಗಳ ಜೊತೆ ಸ್ಕ್ರಿಮ್ಸ್ ಅಂದರೆ ಅಭ್ಯಾಸ ಪಂದ್ಯ. ಆಮೇಲೆ ತಮ್ಮದೇ ಆಟದ ರೆಕಾರ್ಡಿಂಗ್ ಹಾಕಿಕೊಂಡು ತಪ್ಪು ಹುಡುಕೋದು. ರ‍್ಯಾಂಕ್ ಏರಿಸೋದು ಮೋಜು. ಇದು ಡ್ಯೂಟಿ.

ಇನ್ನು ನೆಟ್. "ನಮ್ಮ ಊರು ದೂರ, ಅದಕ್ಕೇ ಲ್ಯಾಗ್" ಅಂತ ಹುಡುಗರು ಹೇಳ್ತಾರೆ. ದೂರದ ದೋಷ ಕಮ್ಮಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. 500 ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರೋಕೆ 5 ಮಿಲಿಸೆಕೆಂಡ್ ಸಾಕು. ತೊಂದರೆ ಇರೋದು ಮನೆ ಪಕ್ಕದ ಟವರ್‌ನಲ್ಲಿ. ಸಂಜೆ ಏಳರ ಮೇಲೆ ಊರೆಲ್ಲ ಮೊಬೈಲ್ ಹಿಡಿದಾಗ ಪಿಂಗ್ ಏರಿಳಿಯುತ್ತೆ, ಸ್ಕ್ರಿಮ್ಸ್ ನಡೆಯೋದೂ ಅದೇ ಹೊತ್ತಿಗೆ. ನಡುವೆ ಕರೆಂಟ್ ಹೋದರೆ ರೂಟರ್ ಆಫ್. ಹಾಗಾಗಿ ಔರಾದಿನ ಹುಡುಗನಿಗೆ ಮೊದಲು ಬೇಕಾದದ್ದು ದುಬಾರಿ ಫೋನ್ ಅಲ್ಲ, ಒಂದು ಫೈಬರ್ ಕನೆಕ್ಷನ್ ಮತ್ತು ರೂಟರ್‌ಗೆ ಒಂದು ಸಣ್ಣ ಯುಪಿಎಸ್.

ಪ್ರಾಮಾಣಿಕತೆ ಇನ್ನೊಂದು ವಿಷಯ. ಅಕ್ಟೋಬರ್ 2018ರಲ್ಲಿ ಶಾಂಘೈನಲ್ಲಿ ಕೌಂಟರ್-ಸ್ಟ್ರೈಕ್ ಟೂರ್ನಿ. ಆಪ್ಟಿಕ್ ಇಂಡಿಯಾ ತಂಡದ ಒಬ್ಬ ಆಟಗಾರ ಗುರಿ ಹಿಡಿಯೋಕೆ ಸಹಾಯ ಮಾಡುವ ಹ್ಯಾಕ್ ಬಳಸಿ ಸಿಕ್ಕಿಬಿದ್ದ. ಆತನಿಗೆ ಐದು ವರ್ಷ ನಿಷೇಧ. ತಂಡ ಅನರ್ಹವಾಗಿ, ವಿಸರ್ಜನೆಯೂ ಆಯಿತು. ತಪ್ಪು ಮಾಡಿದ್ದು ಒಬ್ಬ, ಕೆಲಸ ಕಳ್ಕೊಂಡಿದ್ದು ಎಲ್ಲರೂ.

ಆಡಿ ಮುಗಿದ ಮೇಲೆ?

ಉಕ್ರೇನಿನ ಒಲೆಕ್ಸಾಂಡರ್ ಕೋಸ್ಟಿಲಿಯೆವ್, ಎಲ್ಲರೂ ಕರೆಯೋದು ಸಿಂಪಲ್ ಅಂತ. ಕೌಂಟರ್-ಸ್ಟ್ರೈಕ್ ಕಂಡ ಅತಿ ದೊಡ್ಡ ಆಟಗಾರರಲ್ಲಿ ಒಬ್ಬ. 2021ರಲ್ಲಿ ಸ್ಟಾಕ್‌ಹೋಮ್ ಮೇಜರ್‌ನಲ್ಲಿ ಅವನ ತಂಡ ಒಂದು ಮ್ಯಾಪ್ ಕೂಡ ಸೋಲದೆ ಗೆದ್ದಿತು. ಎರಡೇ ವರ್ಷದ ನಂತರ, 26ರ ಪ್ರಾಯದಲ್ಲಿ, ಅವನು ಆಟದಿಂದ ಬಿಡುವು ತಗೊಂಡ. ನಮ್ಮ ಕಡೆ 371(ಜೆ) ಮೀಸಲಾತಿಯಲ್ಲಿ ಸರ್ಕಾರಿ ನೌಕರಿಗೆ ಅರ್ಜಿ ಹಾಕ್ತಾ ಇರುವ ವಯಸ್ಸು ಅದು.

ಹಾಗಂತ ಎಲ್ಲರ ಕಥೆ ಅಲ್ಲಿಗೇ ಮುಗಿಯಲ್ಲ. ಮೊದಲು ಹೇಳಿದ ಆರೆಂಜ್ ರಾಕ್ ತಂಡದಲ್ಲಿ ಸ್ಕೌಟ್ ಅಂತ ಒಬ್ಬರಿದ್ದರು. ಹೆಸರು ತನ್ಮಯ್ ಸಿಂಗ್. ನಿಷೇಧದ ಏಟು ತಿಂದವರಲ್ಲಿ ಅವರೂ ಒಬ್ಬರು. ಲೈವ್ ಸ್ಟ್ರೀಮ್‌ನಿಂದ ಜನರನ್ನು ಜೊತೆಗಿಟ್ಟುಕೊಂಡರು, ಟೀಮ್ ಎಕ್ಸ್‌ಸ್ಪಾರ್ಕ್ ಕಟ್ಟಿದರು. ಜೂನ್ 2024ರಲ್ಲಿ ಬಿಜಿಐಎಸ್ ಫೈನಲ್ ನಡೆದದ್ದು ಹೈದರಾಬಾದಿನಲ್ಲಿ, ನಮ್ಮ ಬೀದರಿನಿಂದ ಸುಮಾರು 140 ಕಿಲೋಮೀಟರ್. ಗೆದ್ದದ್ದು ಎಕ್ಸ್‌ಸ್ಪಾರ್ಕ್. ಸ್ಕೌಟ್ ಈಗ ಮಾಲೀಕ. ಅನಿಮೇಶ್ ಅಗರ್‌ವಾಲ್ ಕೂಡ ಮೊದಲು ಥಗ್ ಅನ್ನೋ ಹೆಸರಲ್ಲಿ ಆಡ್ತಿದ್ದವರು, ಈಗ ಎಸ್8ಯುಎಲ್ ಸಂಸ್ಥೆ ನಡೆಸ್ತಾರೆ. ಇವರು ಉಳಿದದ್ದು ಆಟದ ಜೊತೆ ಇನ್ನೊಂದು ಕೆಲಸ ಕಲಿತಿದ್ದಕ್ಕೆ: ಮಾತಾಡೋದು, ತಂಡ ಕಟ್ಟೋದು, ವ್ಯವಹಾರ.

ನಮ್ಮ ಮನೆಯಲ್ಲಿ ಆದ ಒಪ್ಪಂದ

ಒಂದು ಭಾನುವಾರ ಕಾಕಾ, ಕಾಕು, ತಮ್ಮ, ನಾನು ನಾಲ್ವರೂ ಕೂತು ಮಾತಾಡಿದೆವು. ಕಾಕಾ ಮೊದಲು ಖಡಕ್ ಆಗೇ ಇದ್ದರು. "ಮೊಬೈಲ್ ಒಡದೇ ಹಾಕ್ತೀನಿ" ಅಂದರು. ಕಾಕುನೇ ತಡೆದರು: "ಓದ್ತಾ ಆಡ್ಲಿ ಬಿಡ್ರಿ. ಬಿಟ್ಟು ಆಡೋದು ಬ್ಯಾಡ."

ಕೊನೆಗೆ ಅದೇ ಆಯ್ತು. ಕಾಲೇಜು ಬಿಡಂಗಿಲ್ಲ, ಬ್ಯಾಕ್ ಉಳಿಸ್ಕೊಳ್ಳಂಗಿಲ್ಲ. ಯಾರು ಬೇಕಾದರೂ ನೋಂದಾಯಿಸಿ ಕೆಳಗಿನ ಸುತ್ತಿನಿಂದ ಆಡಬಹುದಾದ ಅಧಿಕೃತ ಟೂರ್ನಿಗಳಿಗೆ ಎರಡು ವರ್ಷ ಪ್ರಯತ್ನ. ಎಷ್ಟನೇ ಸುತ್ತಿಗೆ ಬಂದ ಅಂತ ಡೈರಿಯಲ್ಲಿ ಬರೆದಿಡಬೇಕು. ಸುತ್ತು ಏರ್ತಾ ಹೋದರೆ ಮುಂದಿನ ಮಾತು. ಭಾಲ್ಕಿಯ ರೂಮಿಗೆ ಫೈಬರ್ ಹಾಕಿಸೋ ಖರ್ಚು ನನ್ನದು. ತಮ್ಮನಿಗೆ ಪೂರ್ತಿ ಖುಷಿ ಆಗಿಲ್ಲ, ಕಾಕಾನಿಗೂ ಇಲ್ಲ. ಆದರೂ ಇಬ್ಬರೂ ಒಪ್ಪಿದ್ದಾರೆ.

ಯಾವುದಾದರೂ ತಂಡ ನಿಮ್ಮ ಮನೆಯ ಹುಡುಗನನ್ನು ಕರೆದರೆ ಸಹಿ ಹಾಕೋ ಮೊದಲು ಐದು ವಿಷಯ ಬರವಣಿಗೆಯಲ್ಲಿ ಕೇಳಿ. ತಿಂಗಳಿಗೆ ಸಂಬಳ ಎಷ್ಟು, ಯಾವ ತಾರೀಖಿಗೆ. ಬಹುಮಾನದಲ್ಲಿ ಪಾಲು ಎಷ್ಟು. ಒಪ್ಪಂದ ಎಷ್ಟು ದಿನದ್ದು, ಮಧ್ಯೆ ಬಿಟ್ಟರೆ ದಂಡ ಏನು. ಯೂಟ್ಯೂಬ್ ಚಾನೆಲ್‌ನ ದುಡ್ಡು ಯಾರಿಗೆ. ಐದನೆಯದು, ಆಟವೇ ನಿಂತು ಹೋದರೆ ಸಂಬಳ ಬರುತ್ತಾ ಇಲ್ವಾ. ಕೊನೆಯ ಪ್ರಶ್ನೆಗೆ ಉತ್ತರ ತೇಲಿಸಿದರೆ ಆ ಕಾಗದಕ್ಕೆ ಸಹಿ ಬೇಡ. ಮತ್ತೆ, ಆಟಗಾರ ಇನ್ನೂ 18 ತುಂಬದವನಾದರೆ ಅಪ್ಪ-ಅಮ್ಮ ಪಕ್ಕದಲ್ಲಿ ಕೂತು ಓದಲಿ, ಅರ್ಥ ಆಗದಿದ್ದರೆ ಊರಿನ ವಕೀಲರಿಗೆ ಒಮ್ಮೆ ತೋರಿಸಲಿ.