ಹೋಟೆಲ್ ಊಟದ ಮೇಲೆ ಬಿಸಿನೀರು ಕುಡಿದರೆ ಕೊಬ್ಬು ಕರಗುತ್ತದೆಯೇ? ಕ್ಯಾಲೊರಿ ಲೆಕ್ಕದ ಅಸಲಿ ಸಂಗತಿ ಇಲ್ಲಿದೆ

ಭಾನುವಾರ ರಾತ್ರಿ ಮನೆಮಂದಿಯೆಲ್ಲ ಹೋಟೆಲ್‌ಗೆ ಹೋಗೋಣ ಎಂದು ತೀರ್ಮಾನವಾದ ಕೂಡಲೇ ಫ್ಯಾಮಿಲಿ ಗ್ರೂಪ್‌ನಲ್ಲಿ ಯಾರಾದರೊಬ್ಬರು ಸಲಹೆಯ ಸಂದೇಶ ಹಾಕಿಯೇ ಹಾಕುತ್ತಾರೆ. ‘ಬೆಳಿಗ್ಗೆಯಿಂದ ಏನೂ ತಿನ್ನಬೇಡಿ, ಲೆಕ್ಕ ಸರಿಹೋಗುತ್ತದೆ’, ‘ಊಟದ ನಂತರ ಬಿಸಿನೀರಿಗೆ ನಿಂಬೆರಸ ಹಿಂಡಿ ಕುಡಿಯಿರಿ, ಎಣ್ಣೆಯೆಲ್ಲ ಕರಗುತ್ತದೆ’, ‘ವೆಜ್ ತಿಂದರೆ ತೂಕ ಏರುವುದಿಲ್ಲ’. ಕೇಳಲು ಎಲ್ಲವೂ ಸರಿ ಎನಿಸುತ್ತದೆ. ಆದರೆ ಇವುಗಳಲ್ಲಿ ಮೊದಲನೆಯದು ಕೆಲವರ ಜೀವಕ್ಕೇ ಅಪಾಯ ತರಬಹುದು. ಒಂದೊಂದಾಗಿ ನೋಡೋಣ.

ಬೆಳಿಗ್ಗೆಯಿಂದ ಉಪವಾಸವಿದ್ದರೆ ಲೆಕ್ಕ ಸರಿಹೋಗುತ್ತದೆಯೇ?

ಕಾಗದದ ಮೇಲೆ ಲೆಕ್ಕ ಸರಿ. ಆದರೆ ಇಡೀ ದಿನ ಹಸಿದು ಕೂತವರು ಮೆನು ಕಾರ್ಡ್ ನೋಡಿದಾಗ ಹೊಟ್ಟೆಗೆ ಬೇಕಾದಷ್ಟೇ ಆರ್ಡರ್ ಮಾಡುವುದು ಕಷ್ಟ. ಮೇಲಾಗಿ ಹಸಿದವರು ಬೇಗಬೇಗ ತಿನ್ನುತ್ತಾರೆ. ಹೊಟ್ಟೆ ತುಂಬಿತು ಎಂಬ ಸೂಚನೆ ಮಿದುಳಿಗೆ ಸರಿಯಾಗಿ ತಲುಪಲು ಸುಮಾರು 15ರಿಂದ 20 ನಿಮಿಷ ಬೇಕು. ಅಷ್ಟರಲ್ಲಿ ಎರಡನೇ ನಾನ್ ಮುಗಿದಿರುತ್ತದೆ.

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ಈ ಸಲಹೆ ನಿಜಕ್ಕೂ ಅಪಾಯಕಾರಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಹುದು. ಬೆವರು, ಕೈನಡುಕ, ಎದೆ ಹೊಡೆದುಕೊಳ್ಳುವುದು, ಮಾತು ತಡವರಿಸುವುದು ಇದರ ಲಕ್ಷಣಗಳು. ಆಗ ತಕ್ಷಣ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಪ್ಪ ಅಮ್ಮನ ಮೇಲಿನ ಕಾಳಜಿಯಿಂದಲೇ ನೀವು ಕಳುಹಿಸುವ ಫಾರ್ವರ್ಡ್ ಅವರನ್ನೇ ಈ ಸ್ಥಿತಿಗೆ ದೂಡಬಾರದು.

ಸರಿಯಾದ ಕ್ರಮ: ತಿಂಡಿ, ಮಧ್ಯಾಹ್ನದ ಊಟ ಎಂದಿನಂತೆ ಇರಲಿ, ಎಣ್ಣೆ ಮತ್ತು ಸಿಹಿ ಸ್ವಲ್ಪ ಕಡಿಮೆ ಇರಲಿ. ಸಂಜೆ ಹೊರಡುವ ಮುನ್ನ ಒಂದು ಹಣ್ಣು ಅಥವಾ ಒಂದು ಲೋಟ ಮಜ್ಜಿಗೆ ಸಾಕು.

ಬಿಸಿನೀರು ಎಣ್ಣೆಯನ್ನು ಕರಗಿಸುತ್ತದೆಯೇ?

ಇಲ್ಲ. ಜಿಡ್ಡು ಹಿಡಿದ ಬಾಣಲೆಗೆ ಬಿಸಿನೀರು ಹಾಕಿದರೆ ಜಿಡ್ಡು ಬಿಡುತ್ತದೆ ನಿಜ, ಆದರೆ ಹೊಟ್ಟೆ ಬಾಣಲೆಯಲ್ಲ. ನೀವು ಕುಡಿದ ಬಿಸಿನೀರು ಸ್ವಲ್ಪ ಹೊತ್ತಿನಲ್ಲೇ ದೇಹದ ಉಷ್ಣತೆಗೆ, ಅಂದರೆ ಸುಮಾರು 37 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ತಿಂದ ಕೊಬ್ಬನ್ನು ಪಿತ್ತರಸ ಸಣ್ಣ ಹನಿಗಳಾಗಿ ಒಡೆಯುತ್ತದೆ, ಮೇದೋಜ್ಜೀರಕ ಗ್ರಂಥಿಯ ಕಿಣ್ವ ಅದನ್ನು ಜೀರ್ಣಿಸುತ್ತದೆ, ಸಣ್ಣ ಕರುಳು ಹೀರಿಕೊಳ್ಳುತ್ತದೆ. ನಿಂಬೆರಸ ಹಾಕಿದರೂ ಈ ದಾರಿ ಬದಲಾಗುವುದಿಲ್ಲ. ಬಿಸಿನೀರು ಕುಡಿಯಿರಿ, ಹಿತವಾಗಿರುತ್ತದೆ. ಆದರೆ ಅದರಿಂದ ಒಂದು ಕ್ಯಾಲೊರಿಯೂ ಮಾಯವಾಗುವುದಿಲ್ಲ.

ವೆಜ್ ಎಂದರೆ ಹಗುರವೇ?

ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನ್‌ನಿಂದ ಸುಮಾರು 4 ಕ್ಯಾಲೊರಿ ಸಿಗುತ್ತದೆ. ಒಂದು ಗ್ರಾಂ ಕೊಬ್ಬಿನಿಂದ 9. ಹಾಗಾಗಿ ಲೆಕ್ಕ ನಿಂತಿರುವುದು ವೆಜ್ಜೋ ನಾನ್‌ವೆಜ್ಜೋ ಎಂಬುದಕ್ಕಿಂತ ಹೆಚ್ಚಾಗಿ ಎಣ್ಣೆ, ಬೆಣ್ಣೆ, ಕ್ರೀಮ್ ಎಷ್ಟು ಬಿದ್ದಿದೆ ಎಂಬುದರ ಮೇಲೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ. ಹೂಕೋಸು ತಾನಾಗಿ ಬಹಳ ಹಗುರ. ಅದನ್ನೇ ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿ ಕರಿದು ಗೋಬಿ ಮಂಚೂರಿ ಮಾಡಿದರೆ ಹಿಟ್ಟು ಎಣ್ಣೆ ಹೀರುತ್ತದೆ, ಲೆಕ್ಕ ಹಲವು ಪಟ್ಟು ಏರುತ್ತದೆ. ಪನೀರ್ ಬಟರ್ ಮಸಾಲ, ಬಟರ್ ನಾನ್, ಬೆಣ್ಣೆ ದೋಸೆ ಎಲ್ಲವೂ ಶುದ್ಧ ವೆಜ್, ಯಾವುದೂ ಹಗುರವಲ್ಲ. ಅದಕ್ಕಿಂತ ತಂದೂರಿನಲ್ಲಿ ಸುಟ್ಟ ಚಿಕನ್ ಅಥವಾ ಬೆಣ್ಣೆ ಸವರದ ತಂದೂರಿ ರೋಟಿ ವಾಸಿ.

ಪಾನೀಯವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. 300 ಮಿಲಿ ಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ಇಡೀ ದಿನಕ್ಕೆ ಇಂಥ ಸಕ್ಕರೆ 25 ಗ್ರಾಂ ಮೀರದಿದ್ದರೆ ಒಳ್ಳೆಯದು.

ಮೆನು ಕಾರ್ಡ್‌ನಲ್ಲೇ ಕ್ಯಾಲೊರಿ ಇರಬೇಕು, ಗೊತ್ತೇ?

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ, ಕೇಂದ್ರ ಲೈಸೆನ್ಸ್ ಇರುವ ಅಥವಾ 10 ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲ್‌ಗಳು ಮೆನುವಿನಲ್ಲಿ ಪ್ರತಿ ಸರ್ವಿಂಗ್‌ಗೆ ಎಷ್ಟು ಕ್ಯಾಲೊರಿ ಎಂದು ನಮೂದಿಸಬೇಕು. ಈ ನಿಯಮ 2022ರಲ್ಲಿ ಜಾರಿಗೆ ಬಂತು. ಚಟುವಟಿಕೆಯಿಂದಿರುವ ಸಾಮಾನ್ಯ ವಯಸ್ಕರಿಗೆ ದಿನಕ್ಕೆ 2,000 ಕ್ಯಾಲೊರಿ ಬೇಕು, ವ್ಯಕ್ತಿಯಿಂದ ವ್ಯಕ್ತಿಗೆ ಇದು ಬದಲಾಗಬಹುದು ಎಂಬ ಸೂಚನೆಯನ್ನೂ ಹಾಕಬೇಕು. ಬೀದಿ ಕೊನೆಯ ಒಂದೇ ಶಾಖೆಯ ದರ್ಶಿನಿಗೆ ಸಾಮಾನ್ಯವಾಗಿ ಇದು ಅನ್ವಯಿಸುವುದಿಲ್ಲ.

ಓದುವಾಗ ಒಂದು ಎಚ್ಚರ: ಬರೆದಿರುವ ಅಂಕಿ ಒಂದು ಸರ್ವಿಂಗ್‌ಗೆ. ಸರ್ವಿಂಗ್ ಎಂದರೆ ಎಷ್ಟು ಗ್ರಾಂ ಎಂಬುದನ್ನೂ ನೋಡಿ. ಇಬ್ಬರು ಹಂಚಿಕೊಂಡರೆ ಲೆಕ್ಕವೂ ಅರ್ಧ.

ಎಲ್ಲರ ಜೊತೆ ಕೂತಾಗ ಯಾಕೆ ಜಾಸ್ತಿ ತಿನ್ನುತ್ತೇವೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡಿ ಕ್ಯಾಸ್ಟ್ರೋ ಜನರಿಂದ ಊಟದ ಡೈರಿ ಬರೆಸಿ ಅಧ್ಯಯನ ಮಾಡಿದ್ದರು. ಒಬ್ಬರೇ ತಿನ್ನುವಾಗಿಗಿಂತ ಮನೆಯವರು, ಗೆಳೆಯರ ಜೊತೆ ತಿನ್ನುವಾಗ ಊಟದ ಪ್ರಮಾಣ ಹೆಚ್ಚಿತ್ತು. ಮುಖ್ಯ ಕಾರಣ, ಮಾತಿನ ನಡುವೆ ಊಟ ಹೆಚ್ಚು ಹೊತ್ತು ನಡೆಯುತ್ತದೆ. ಮಾತು ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ. ಮೇಜಿನ ಮೇಲೆ ಏನು ಉಳಿದಿರುತ್ತದೆ ಎಂಬುದನ್ನು ಬದಲಿಸಿದರೆ ಸಾಕು:

• ಎಲ್ಲವನ್ನೂ ಒಂದೇ ಸಲ ಆರ್ಡರ್ ಮಾಡಬೇಡಿ. ನಾಲ್ಕು ಜನರಿಗೆ ಎರಡು ಪಲ್ಯ ಹೇಳಿ, ಬೇಕಾದರೆ ಮತ್ತೆ ಹೇಳಬಹುದು. ರೋಟಿ ಒಂದೊಂದೇ ಬರಲಿ, ಬಿಸಿಯಾಗಿಯೂ ಇರುತ್ತದೆ.
• ಕರಿದ ಸ್ಟಾರ್ಟರ್ ಒಂದೇ ಸಾಕು, ಎಲ್ಲರೂ ಹಂಚಿಕೊಳ್ಳಿ. ಜೊತೆಗೆ ಸಲಾಡ್ ಅಥವಾ ತಿಳಿ ಸೂಪ್ ಇರಲಿ.
• ನಿಮಗೆ ತುಂಬಾ ಇಷ್ಟವಾದ ಒಂದನ್ನು ಖುಷಿಯಾಗಿ ತಿನ್ನಿ. ಗಡ್‌ಬಡ್ ಐಸ್‌ಕ್ರೀಂ ಬೇಕೆಂದರೆ ಕೋಲಾ ಬಿಡಿ, ಒಂದು ಗ್ಲಾಸ್‌ಗೆ ಎರಡು ಚಮಚ ತರಿಸಿ.
• ಉಳಿದದ್ದನ್ನು ಪಾರ್ಸಲ್ ಮಾಡಿಸಿ. ‘ಕಾಸು ಕೊಟ್ಟಿದ್ದೇವೆ’ ಎಂದು ತಟ್ಟೆ ಖಾಲಿ ಮಾಡಬೇಕಿಲ್ಲ.
• ಊಟದ ನಂತರ ಹತ್ತು ಹದಿನೈದು ನಿಮಿಷ ನಡೆಯಿರಿ. ತಿಂದ ನಾನ್ ಇದರಿಂದ ಕರಗುವುದಿಲ್ಲ, ಆದರೆ ಊಟದ ನಂತರ ಏರುವ ರಕ್ತದ ಸಕ್ಕರೆಯನ್ನು ತಗ್ಗಿಸಲು ಸಹಾಯವಾಗುತ್ತದೆ.

ಮರುದಿನ ತೂಕ ಒಂದು ಕೆಜಿ ಏರಿದೆಯಲ್ಲ?

ಗಾಬರಿ ಬೇಡ. ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿದೆ. ನಿನ್ನೆ ರಾತ್ರಿ ನೀವು 500 ಕ್ಯಾಲೊರಿ ಜಾಸ್ತಿ ತಿಂದಿದ್ದರೂ ಅದು ಲೆಕ್ಕದ ಪ್ರಕಾರ ಸುಮಾರು 65 ಗ್ರಾಂ ಕೊಬ್ಬು. ತಕ್ಕಡಿಯಲ್ಲಿ ಕಾಣುವ ಉಳಿದ ಏರಿಕೆ ಉಪ್ಪು, ಪಿಷ್ಟದ ಜೊತೆ ದೇಹ ಹಿಡಿದಿಟ್ಟುಕೊಂಡ ನೀರು ಮತ್ತು ಇನ್ನೂ ಜೀರ್ಣವಾಗುತ್ತಿರುವ ಆಹಾರ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ತಿಂಗಳಿಗೊಂದು ಹೋಟೆಲ್ ಊಟದಿಂದ ಯಾರೂ ದಪ್ಪಗಾಗುವುದಿಲ್ಲ. ವಾರಕ್ಕೆ ಮೂರು ಸಲ ಹೀಗೆ ನಡೆದರೆ ವಾರಕ್ಕೆ 1,500 ಕ್ಯಾಲೊರಿ ಹೆಚ್ಚುವರಿ. ಗಮನಿಸಬೇಕಾದದ್ದು ಈ ಅಭ್ಯಾಸವನ್ನು.

ಮೇಜಿನ ಮೇಲೆ ಪಹರೆ ಬೇಡ

‘ನೀನು ಇದನ್ನು ತಿನ್ನಬೇಡ, ಈಗಲೇ ಹೇಗಾಗಿದ್ದೀಯ ನೋಡು’ ಎಂದು ಎಲ್ಲರ ಮುಂದೆ ಮಗಳಿಗೋ ಸೊಸೆಗೋ ಹೇಳುವುದರಿಂದ ಅವರ ತೂಕ ಇಳಿಯುವುದಿಲ್ಲ. ತೂಕದ ಬಗ್ಗೆ ಮನೆಯವರಿಂದ ಮೂದಲಿಕೆ ಕೇಳಿ ಬೆಳೆಯುವ ಮಕ್ಕಳಲ್ಲಿ ಕದ್ದು ತಿನ್ನುವುದು, ಊಟ ಬಿಡುವುದು, ತಮ್ಮ ದೇಹದ ಬಗ್ಗೆ ಕೀಳರಿಮೆ ಹೆಚ್ಚು ಎಂಬುದನ್ನು ಅಧ್ಯಯನಗಳು ತೋರಿಸಿವೆ. ಕ್ಯಾಲೊರಿ ನೋಡುವವರು ತಮ್ಮ ತಟ್ಟೆ ನೋಡಿಕೊಂಡರೆ ಸಾಕು. ಹಾಗೆಯೇ, ಬೇಡ ಎಂದವರಿಗೆ ‘ಒಂದೇ ಒಂದು ತಿನ್ನು’ ಎಂದು ಒತ್ತಾಯಿಸುವುದೂ ಬೇಡ.

ತೀರ್ಮಾನ: ಬಿಸಿನೀರು ಕೊಬ್ಬು ಕರಗಿಸುತ್ತದೆ, ವೆಜ್ ತಿಂದರೆ ತೂಕ ಏರುವುದಿಲ್ಲ ಎಂಬ ಸಂದೇಶಗಳು ಸುಳ್ಳು. ದಿನವಿಡೀ ಉಪವಾಸವಿರಿ ಎಂಬುದು ದಾರಿ ತಪ್ಪಿಸುವ ಸಲಹೆ, ಸಕ್ಕರೆ ಕಾಯಿಲೆಯವರಿಗೆ ಅಪಾಯಕಾರಿ. ನಿಮ್ಮ ಗ್ರೂಪ್‌ಗೆ ಅಂಥ ಸಂದೇಶ ಬಂದರೆ ಮುಂದೆ ಕಳುಹಿಸಬೇಡಿ. ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಒಂದು ಫೋನ್ ಮಾಡಿ, ‘ಮಧ್ಯಾಹ್ನ ಊಟ ಆಯ್ತಾ?’ ಎಂದು ಕೇಳಿ.