ದೂಳಿನ ಊರಿನಲ್ಲಿ ಸಣ್ಣ ಕಾರಿನ ಆರೈಕೆ

ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಕೋರಮಂಡಲ್ ಕಡೆ ಮನೆ ಇರುವವರಿಗೆ ಆಷಾಢದ ಗಾಳಿ ಎಂದರೇನು ಎಂದು ವಿವರಿಸಬೇಕಿಲ್ಲ. ಸೈನೈಡ್ ದಿಬ್ಬಗಳ ಮೇಲಿಂದ ಎದ್ದ ಬೂದುಬಣ್ಣದ ಹುಡಿ ಕಿಟಕಿ ಮುಚ್ಚಿದ್ದರೂ ಒಳಗೆ ಬರುತ್ತದೆ. ರಾತ್ರಿ ಒರೆಸಿಟ್ಟ ಕಾರಿನ ಬಾನೆಟ್ಟಿನ ಮೇಲೆ ಬೆಳಿಗ್ಗೆ ಬೆರಳಲ್ಲಿ ಹೆಸರು ಬರೆಯಬಹುದು. ಈ ಹುಡಿ ಹೊಲದ ಮಣ್ಣಲ್ಲ. ಚಿನ್ನವನ್ನು ಸೈನೈಡಿನಲ್ಲಿ ಕರಗಿಸಿ ತೆಗೆಯಬೇಕಾದರೆ ಅದಿರನ್ನು ಮೊದಲು ಹಿಟ್ಟಿನಷ್ಟು ನುಣ್ಣಗೆ ಅರೆಯಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಹಾಗೆ ಅರೆದು ಈ ದಿಬ್ಬಗಳಾಗಿ ಬಿಸಾಡಿದ್ದು 3 ಕೋಟಿ ಟನ್ನಿಗೂ ಹೆಚ್ಚು. ಚಿನ್ನ ಸಿಕ್ಕಿದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಹಾಗಾಗಿ ಈ ದೂಳಿನಲ್ಲಿ ಬೆಣಚುಕಲ್ಲಿನ ಪುಡಿ, ಅಂದರೆ ಸಿಲಿಕಾ, ಧಾರಾಳವಾಗಿದೆ. ನಮ್ಮ ದೇಶದಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಮೊದಲು ವರದಿಯಾದದ್ದು ಕೋಲಾರದ ಈ ಗಣಿಗಳಿಂದಲೇ. ಗಣಿಯೊಳಗೆ ಮನುಷ್ಯನ ಎದೆಗೂಡನ್ನು ಹಾಳುಮಾಡಿದ ವಸ್ತುವೇ ಇಂದು ಬೀದಿಯಲ್ಲಿ ಕಾರಿನ ಎಂಜಿನ್ನಿನ ಬಾಗಿಲಲ್ಲಿ ನಿಂತಿದೆ.

ಸಣ್ಣ ಕಾರಿಗೆ ಕಂಪನಿಯವರು ಹೇಳುವ ಸಾಮಾನ್ಯ ಲೆಕ್ಕ 10,000 ಕಿಲೋಮೀಟರಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಸರ್ವೀಸು. ಕಾರಿನ ಜೊತೆ ಬರುವ ಕೈಪಿಡಿಯನ್ನು ಪೂರ್ತಿ ಓದಿದರೆ ಅದರಲ್ಲಿ ಇನ್ನೊಂದು ಪಟ್ಟಿ ಸಿಗುತ್ತದೆ. ದೂಳಿನ ರಸ್ತೆಯಲ್ಲಿ ಓಡುವ, ಪದೇಪದೇ ಬಹಳ ಕಡಿಮೆ ದೂರ ಹೋಗುವ ಕಾರುಗಳಿಗೆ ಬೇಗಬೇಗ ಗಮನ ಬೇಕು ಎನ್ನುವ ಪಟ್ಟಿ ಅದು. ಕೆಜಿಎಫ್ ಮತ್ತು ಬಂಗಾರಪೇಟೆಯ ಬಹುಪಾಲು ಕಾರುಗಳು ಈ ಎರಡನೆಯ ಪಟ್ಟಿಗೆ ಸೇರಿದವು. ಯಾವ ಗಾಳಿಯಲ್ಲಿ ಕಾರು ನಿಲ್ಲುತ್ತದೆ, ದಿನಕ್ಕೆ ಎಷ್ಟು ದೂರ ಓಡುತ್ತದೆ, ಯಾವ ನೀರು ಅದಕ್ಕೆ ಬೀಳುತ್ತದೆ ಎಂಬುದು ಬೆಂಗಳೂರಿನ ಸರ್ವೀಸ್ ಸ್ಟೇಷನ್ನಿನ ಗಣಕಯಂತ್ರಕ್ಕೆ ತಿಳಿಯದು, ಮನೆಯವರಿಗೆ ತಿಳಿದಿರುತ್ತದೆ. ವಾಡಿಕೆಯ ಸರ್ವೀಸನ್ನು ಮನೆಯಂಗಳದಲ್ಲೇ ಕಲಿಯಬೇಕು ಎನ್ನುವುದಕ್ಕೆ ದುಡ್ಡಿನ ಉಳಿತಾಯಕ್ಕಿಂತ ದೊಡ್ಡ ಕಾರಣ ಇದು.

ಮೊದಲು ಗಾಳಿ

ಒಂದು ಲೀಟರ್ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 11 ಕಿಲೋ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂಬತ್ತು-ಹತ್ತು ಸಾವಿರ ಲೀಟರು. ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಗೆ ಹೋಗಿಬರುವಷ್ಟರಲ್ಲಿ ಎಂಜಿನ್ನು ಒಂದು ಸಣ್ಣ ಕೋಣೆಯ ಗಾಳಿಯನ್ನು ಹೀರಿಬಿಟ್ಟಿರುತ್ತದೆ. ಅಷ್ಟೂ ಗಾಳಿ ಒಂದು ಕಾಗದದ ಫಿಲ್ಟರಿನ ಮೂಲಕ ಹೋಗಬೇಕು. ಫಿಲ್ಟರ್ ಕಟ್ಟಿಕೊಂಡರೆ ಎಳೆತ ಕಡಿಮೆಯಾಗುತ್ತದೆ. ಫಿಲ್ಟರ್ ಹರಿದರೆ ಅಥವಾ ಅದರ ರಬ್ಬರ್ ಅಂಚು ಸರಿಯಾಗಿ ಕೂರದಿದ್ದರೆ ಸಿಲಿಕಾ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಅಲ್ಯೂಮಿನಿಯಂ ಪಿಸ್ಟನ್ನಿಗಿಂತ ಬೆಣಚುಕಲ್ಲು ಎಷ್ಟೋ ಪಟ್ಟು ಗಟ್ಟಿ. ಸಿಲಿಂಡರಿನ ಗೋಡೆಯಲ್ಲಿ ಗೀರು ಬಿದ್ದರೆ ಆಯಿಲ್ ಮೇಲೇರಿ ಉರಿಯುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಆಮೇಲೆ ಎಂಜಿನ್ ಬಿಚ್ಚುವುದೊಂದೇ ದಾರಿ.

ಈ ಕೆಲಸಕ್ಕೆ ಕಾರಿನ ಕೆಳಗೆ ಹೋಗಬೇಕಿಲ್ಲ. ಬಾನೆಟ್ ಎತ್ತಿ, ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳನ್ನು ತೆಗೆದರೆ ಫಿಲ್ಟರ್ ಕೈಗೆ ಬರುತ್ತದೆ. ತೆಗೆಯುವ ಮೊದಲೇ ಡಬ್ಬಿಯ ಹೊರಗಿನ ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಅದೇ ಒಳಗೆ ಬೀಳುತ್ತದೆ. ಡಬ್ಬಿಯೊಳಗಿನ ದೂಳನ್ನೂ ಒದ್ದೆ ಬಟ್ಟೆಯಲ್ಲೇ ತೆಗೆಯಬೇಕು, ಬಾಯಿಂದ ಊದಬಾರದು. ಇಲ್ಲಿನ ದೂಳಿನ ವಿಷಯದಲ್ಲಿ ಇದು ಎಂಜಿನ್ನಿಗಿಂತ ನಿಮ್ಮ ಎದೆಗೂಡಿಗಾಗಿ ಹೇಳುವ ಮಾತು, ಆದ್ದರಿಂದ ಮುಖಕ್ಕೆ ಮಾಸ್ಕ್ ಇರಲಿ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸುವುದಾದರೆ ಒಳಮುಖದಿಂದ ಹೊರಮುಖಕ್ಕೆ, ದೂರದಿಂದ, ಮೆಲ್ಲಗೆ ಊದಿಸಬೇಕು. ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಬೆಳಕಿಗೆ ಹಿಡಿದಾಗ ಮಸುಕಾಗಿಯೇ ಕಂಡರೆ ಹೊಸದು ಹಾಕುವುದೇ ಸರಿ. ಗಾಳಿಯ ತಿಂಗಳುಗಳಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡುವುದು ಕೆಜಿಎಫ್‌ಗೆ ಒಪ್ಪುವ ಲೆಕ್ಕ. ದಿನಾ ತೆಗೆದು ನೋಡುವುದೂ ತಪ್ಪು, ತೆಗೆದಾಗಲೆಲ್ಲ ಒಂದಿಷ್ಟು ದೂಳು ಒಳಗೆ ಹೋಗುತ್ತದೆ.

ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಹಿಂದೆ ಇನ್ನೊಂದು ಫಿಲ್ಟರ್ ಇರುತ್ತದೆ, ಒಳಗೆ ಕೂತವರ ಉಸಿರಿಗಾಗಿ. ಎಂಜಿನ್ನಿನದನ್ನು ಬದಲಿಸಿ ಇದನ್ನು ಮರೆಯುವವರು ಬಹಳ. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಕಾರಿನಲ್ಲಿ ನಾನು ಮೊದಲು ತೆಗೆದು ನೋಡುವುದು ಇದನ್ನೇ.

ನಿಲ್ದಾಣದವರೆಗಿನ ಕಾರು

ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಬರುವ ರೈಲು ದಾರಿ 1894ರಷ್ಟು ಹಳೆಯದು. ಗಣಿ ಮುಚ್ಚಿದ ಮೇಲೆ ಈ ದಾರಿಯೇ ಊರಿಗೆ ಅನ್ನದ ದಾರಿಯಾಯಿತು. ಸಾವಿರಾರು ಜನ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಇಂಥ ಮನೆಗಳ ಕಾರು ವಾರವೆಲ್ಲ ಓಡುವುದು ಊರಿಗಾಂ ಅಥವಾ ಬಂಗಾರಪೇಟೆ ನಿಲ್ದಾಣದವರೆಗಿನ ಎರಡು-ಮೂರು ಕಿಲೋಮೀಟರು ಮಾತ್ರ. ಕಡಿಮೆ ಓಡಿದ ಕಾರು ಒಳ್ಳೆಯ ಕಾರು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಪೆಟ್ರೋಲು ಉರಿದಾಗ ಹೊಗೆಯ ಜೊತೆಗೆ ನೀರಿನ ಆವಿಯೂ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ಮೂರು ಕಿಲೋಮೀಟರಿನ ಓಟದಲ್ಲಿ ಎಂಜಿನ್ ಬಿಸಿಯಾಗುವ ಮೊದಲೇ ಕಾರು ನಿಂತಿರುತ್ತದೆ. ಒಂದಿಷ್ಟು ನೀರು, ಉರಿಯದ ಪೆಟ್ರೋಲು ಆಯಿಲಿಗೆ ಸೇರಿ ಅದನ್ನು ತೆಳುವಾಗಿಸುತ್ತವೆ, ಉಳಿದ ನೀರು ಸೈಲೆನ್ಸರಿನಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲುಬಣ್ಣದ ಜಿಡ್ಡು ಕಂಡರೆ ಇದರ ಗುರುತು ಅದು. ಜಿಡ್ಡಿನ ಜೊತೆಗೆ ಕೂಲೆಂಟೂ ಇಳಿಯುತ್ತಿದ್ದರೆ ಮಾತ್ರ ಬೇರೆ ಕಾಯಿಲೆ, ಕೂಡಲೇ ಮೆಕ್ಯಾನಿಕ್ ನೋಡಬೇಕು. ಹೀಗೆ ಓಡುವ ಕಾರಿಗೆ ಕಿಲೋಮೀಟರ್ ಲೆಕ್ಕ ಬಿಟ್ಟು ತಿಂಗಳ ಲೆಕ್ಕದಲ್ಲಿ, ಆರು ತಿಂಗಳಿಗೊಮ್ಮೆ ಆಯಿಲ್ ಬದಲಿಸುವುದು ಲೇಸು. ಭಾನುವಾರ ಬೇತಮಂಗಲದ ಕೆರೆಯವರೆಗೋ ಕೋಲಾರದವರೆಗೋ ಅರ್ಧ ಗಂಟೆ ಓಡಿಸಿ ತಂದರೆ ಎಂಜಿನ್ನಿಗೂ ಬ್ಯಾಟರಿಗೂ ಒಳ್ಳೆಯದು.

ಆಯಿಲ್ ಬದಲಿಸುವುದು ಕಷ್ಟದ ಕೆಲಸವಲ್ಲ. ಆದರೆ ಕಾರಿನ ಕೆಳಗೆ ಹೋಗುವ ಕೆಲಸ. ಸ್ಟೆಪ್ನಿ ಬದಲಿಸಲು ಕೊಟ್ಟ ಜ್ಯಾಕಿನ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ಯಾರೂ ಎಂದೂ ತಲೆ ಹಾಕಬಾರದು. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಗಾಲಿಗಳಿಗೆ ಅಡ್ಡ ಕಲ್ಲು, ಮುಂದೆ ಎರಡು ಕಬ್ಬಿಣದ ಜ್ಯಾಕ್ ಸ್ಟ್ಯಾಂಡು, ಇಷ್ಟು ಇಲ್ಲದೆ ಶುರುಮಾಡಬೇಡಿ. ಇಟ್ಟಿಗೆ ಪೇರಿಸಿ ಅದರ ಮೇಲೆ ಕಾರು ಕೂರಿಸುವುದು ಪ್ರಾಣಕ್ಕೆ ಸಂಚಕಾರ.

ಐದು-ಹತ್ತು ನಿಮಿಷ ಎಂಜಿನ್ ಓಡಿಸಿ, ಆಯಿಲ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಕೈಸುಡದಷ್ಟು ಆರಲು ಬಿಡಿ. ಬೆಚ್ಚಗಿನ ಆಯಿಲ್ ಬೇಗ ಇಳಿಯುತ್ತದೆ, ತಳದ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ಕೆಳಗಿನ ಬೋಲ್ಟನ್ನು ರಿಂಗ್ ಸ್ಪ್ಯಾನರಿನಿಂದಲೇ ಬಿಚ್ಚಿ. ಬಾಯಿ ತೆರೆದ ಸ್ಪ್ಯಾನರ್ ಬೋಲ್ಟಿನ ಮೂಲೆಗಳನ್ನು ಸವೆಸುತ್ತದೆ. ಹಳೆಯ ವಾಷರ್ ತೆಗೆದು ಹೊಸದು ಹಾಕಿ. ಹಳೆಯ ಆಯಿಲ್ ಫಿಲ್ಟರನ್ನೂ ಬಿಚ್ಚಿ, ಹೊಸದರ ರಬ್ಬರ್ ಬಳೆಗೆ ಒಂದು ಬೆರಳು ಹೊಸ ಆಯಿಲ್ ಸವರಿ, ತಗುಲಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು. ಬೋಲ್ಟ್ ಬಿಗಿಸುವಾಗ ಹೊಸಬರು ಮೈಬಲವನ್ನೆಲ್ಲ ಹಾಕಿಬಿಡುತ್ತಾರೆ. ಸಣ್ಣ ಕಾರುಗಳಿಗೆ ಹೇಳುವ ಅಳತೆ ಸುಮಾರು 35 ನ್ಯೂಟನ್ ಮೀಟರ್. ಅಂದರೆ 25 ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ 14 ಕಿಲೋದಷ್ಟು ಎಳೆತ, ಅದಕ್ಕಿಂತ ಹೆಚ್ಚಲ್ಲ. ನಿಮ್ಮ ಕಾರಿನ ನಿಖರ ಅಂಕಿ ಕೈಪಿಡಿಯಲ್ಲೋ ಮೆಕ್ಯಾನಿಕ್ ಬಳಿಯೋ ಸಿಗುತ್ತದೆ. ಬೋಲ್ಟ್ ಕೂರುವ ಎಳೆ ಕಿತ್ತರೆ ಆಯಿಲ್ ಚೇಂಬರನ್ನೇ ಬದಲಿಸಬೇಕಾದೀತು.

ಯಾವ ಆಯಿಲ್ ಎಂಬುದರಲ್ಲಿ ನೆರೆಮನೆಯವರ ಮಾತು ಬೇಡ. 1983ರಲ್ಲಿ ಬಂದ 796 ಸಿಸಿಯ ಮಾರುತಿ 800ಕ್ಕೆ ಒಗ್ಗುತ್ತಿದ್ದ ದಪ್ಪ ಆಯಿಲನ್ನು ಇಂದಿನ ಕಾರಿಗೆ ಹಾಕಿದರೆ ಸಂದುಗಳಿಗೆ ಅದು ಬೇಗ ತಲುಪುವುದಿಲ್ಲ. ಇತ್ತೀಚಿನ ಸಣ್ಣ ಕಾರುಗಳಿಗೆ 0ಡಬ್ಲ್ಯೂ-20ರಂಥ ತೆಳು ಆಯಿಲನ್ನೇ ಕಂಪನಿ ಹೇಳುತ್ತದೆ. ಅಳತೆ ಸುಮಾರು ಮೂರು ಲೀಟರಿನ ಆಸುಪಾಸು. ಸ್ವಲ್ಪ ಕಡಿಮೆಯೇ ಸುರಿದು, ಎಂಜಿನ್ ಒಂದು ನಿಮಿಷ ಓಡಿಸಿ, ಆಯಿಲ್ ದೀಪ ಆರಿತೇ, ಕೆಳಗೆ ಸೋರಿಕೆ ಇದೆಯೇ ನೋಡಿ. ಕಾರನ್ನು ನೆಲಕ್ಕಿಳಿಸಿ ಕೆಲ ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು, ಮೇಲಿನ ಗೆರೆಯವರೆಗೆ ತುಂಬಿ.

ನೀರು, ಟೈರು, ಮುಟ್ಟಬಾರದ್ದು

ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಪಾತ್ರೆಗೆ ಹಿಡಿಯುವ ಬಿಳಿ ಪದರ ನೋಡಿದವರಿಗೆ ಗೊತ್ತು. ಅದೇ ಪದರ ರೇಡಿಯೇಟರಿನ ಕಿರು ನಾಳಗಳಲ್ಲೂ ಕಟ್ಟುತ್ತದೆ. ಅಲ್ಲಿಗೆ ಕಂಪನಿ ಹೇಳಿದ ಕೂಲೆಂಟ್ ಮಾತ್ರ, ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕೂಲೆಂಟ್ ವಿಷ, ನಾಯಿ-ಮಕ್ಕಳ ಕೈಗೆ ಎಟುಕದಂತಿಡಿ.

ಹೊಸಕೋಟೆಯಿಂದ ಬೇತಮಂಗಲದವರೆಗೆ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ನಿಲ್ದಾಣದವರೆಗಷ್ಟೇ ಓಡುತ್ತಿದ್ದ ಕಾರುಗಳೂ ನೂರರ ವೇಗದಲ್ಲಿ ಬೆಂಗಳೂರಿಗೆ ಹೊರಡುತ್ತಿವೆ. ಗಾಳಿ ಕಡಿಮೆಯಿರುವ ಟೈರು ಆ ವೇಗದಲ್ಲಿ ಕಾದು ಸಿಡಿಯಬಹುದು. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಅಂಕಿಯಂತೆ, ಟೈರು ತಣ್ಣಗಿರುವಾಗ ಗಾಳಿ ನೋಡಿ, ಸ್ಟೆಪ್ನಿಯನ್ನೂ ಸೇರಿಸಿ. ಅಚ್ಚಿನ ಆಳ 1.6 ಮಿಲಿಮೀಟರಿಗೆ ಇಳಿದಿದ್ದರೆ ಆ ಟೈರಿನ ಆಯುಸ್ಸು ಮುಗಿಯಿತು.

ಬ್ರೇಕ್ ಬಿಚ್ಚುವುದು, ಏರ್‌ಬ್ಯಾಗಿನ ವೈರಿಂಗ್, ಟೈಮಿಂಗ್, ಸ್ಟೀರಿಂಗ್ ಇವು ಮನೆಯಂಗಳದ ಕೆಲಸಗಳಲ್ಲ. ಬ್ರೇಕ್ ಆಯಿಲಿನ ಮಟ್ಟ ನೋಡುವುದು ನಮ್ಮದು, ಬಿಚ್ಚುವುದು ಬಲ್ಲವರದು. ಬಲ್ಲವರಿಗೆ ಈ ಊರಿನಲ್ಲಿ ಬರವೂ ಇಲ್ಲ: ಬುಲ್ಡೋಜರ್ ತಯಾರಿಸುವ ಬೆಮೆಲ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ. ಮೊದಲ ಸಲ ಆಯಿಲ್ ಬದಲಿಸುವಾಗ ಅಂಥ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಅವರಿಂದ ಕಲಿಯಬೇಕಾದ ಇನ್ನೊಂದು ಅಭ್ಯಾಸ ಬರೆದಿಡುವುದು. ಮೂರು ಕಿಲೋಮೀಟರಿಗೂ ಆಳವಾಗಿದ್ದ ಈ ಗಣಿಗಳಲ್ಲಿ ಜನರನ್ನು ಇಳಿಸುವ ಹಗ್ಗ, ಪಂಜರಗಳನ್ನು ಪ್ರತಿದಿನ ಪರೀಕ್ಷಿಸಿ ಪುಸ್ತಕದಲ್ಲಿ ದಾಖಲಿಸುವುದು ನಿಯಮವಾಗಿತ್ತು. ಕಾರಿಗೆ ಒಂದು ನಲವತ್ತು ಪುಟದ ನೋಟ್‌ಬುಕ್ ಸಾಕು: ತಾರೀಖು, ಮೀಟರಿನ ಅಂಕಿ, ಮಾಡಿದ ಕೆಲಸ, ಬಿಲ್ಲು. ವಾರಂಟಿ ಇನ್ನೂ ಇದ್ದರೆ ಅದರ ಷರತ್ತು ಮೊದಲು ಓದಿ.

ಕೊನೆಗೆ ಇಳಿಸಿದ ಹಳೆ ಆಯಿಲ್. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಬೇಲಿಗೆ ಬಳಿಯುವುದು, ಚರಂಡಿಗೆ ಸುರಿಯುವುದು, ದಿಬ್ಬದ ಹಿಂದೆ ಚೆಲ್ಲುವುದು ಯಾವುದೂ ಸಲ್ಲದು. ಕೆಜಿಎಫ್‌ಗೆ ನೀರುಣಿಸಿದ ಪಾಲಾರ್ ಇದೇ ಸೀಮೆಯಲ್ಲಿ ಹರಿದು ಆಂಧ್ರ, ತಮಿಳುನಾಡಿಗೆ ಹೋಗುತ್ತದೆ. ಸೈನೈಡ್ ಕೆಸರನ್ನು ಈ ನೆಲ ಈಗಾಗಲೇ ಹೊತ್ತುಕೊಂಡಿದೆ, ಅದಕ್ಕೆ ನಮ್ಮ ಆಯಿಲನ್ನೂ ಸೇರಿಸುವುದು ಬೇಡ. ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ತುಂಬಿ ಮುಚ್ಚಳ ಹಾಕಿ, ಹಳೆ ಆಯಿಲನ್ನು ಪರವಾನಗಿ ಇರುವ ಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಿ. ಅಂಥ ಗ್ಯಾರೇಜ್ ಯಾವುದೆಂದು ವಿಚಾರಿಸಿಕೊಂಡ ಮೇಲೆಯೇ ಬೋಲ್ಟಿಗೆ ಸ್ಪ್ಯಾನರ್ ಹಾಕಿ.