ಅಪ್ಪನನ್ನು ನೋಡಲು ಹೋಗುವ ಮುನ್ನ

ಹತ್ತನೆಯ ತರಗತಿಯ ಹುಡುಗನೊಬ್ಬ ವಾರವಿಡೀ ಶಾಲೆಗೆ ಬಂದಿರಲಿಲ್ಲ. ಬಂದ ದಿನ ಸಂಜೆ ಪ್ರಯೋಗಾಲಯದಲ್ಲಿ ಒಬ್ಬನೇ ಉಳಿದು, ‘ಸಾರ್, ಅಪ್ಪ ಜೈಲಲ್ಲಿದ್ದಾರೆ. ನಾನು ನೋಡೋಕೆ ಹೋಗಬಹುದಾ?’ ಎಂದು ಕೇಳಿದ. ಹೊಲದ ಬದುವಿನ ಜಗಳ ಹೊಡೆದಾಟವಾಗಿ, ಮೊಕದ್ದಮೆಯಾಗಿತ್ತು. ತಾಯಿ ಒಮ್ಮೆ ಜೈಲಿನ ಬಾಗಿಲವರೆಗೆ ಹೋಗಿದ್ದರಂತೆ. ಗುರುತಿನ ಚೀಟಿ ಇಲ್ಲವೆಂದು ಮರಳಿದ್ದರು; ಕಟ್ಟಿಕೊಂಡು ಹೋಗಿದ್ದ ರೊಟ್ಟಿಯೂ ಮರಳಿತ್ತು.

ಖಂಡಿತ ಹೋಗಬಹುದು. ಭೇಟಿ ಎಂಬುದು ಯಾರೋ ಮಾಡುವ ಉಪಕಾರವಲ್ಲ. ಬಂಧನದಲ್ಲಿರುವವರು ಮನೆಯವರನ್ನು ಕಾಣುವುದು ಸಂವಿಧಾನದ 21ನೇ ವಿಧಿಯ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 1981ರಲ್ಲಿ, ಫ್ರಾನ್ಸಿಸ್ ಕೊರಲಿ ಮುಲ್ಲಿನ್ ಪ್ರಕರಣದಲ್ಲಿ ಹೇಳಿದೆ. ಆದರೆ ಹಕ್ಕಿಗೂ ನಿಯಮಗಳುಂಟು. ಅವನ್ನು ತಿಳಿದು ಹೊರಟರೆ ದಿನ ವ್ಯರ್ಥವಾಗದು.

ಸಂದರ್ಶನದ ದಿನ, ವೇಳೆ ಜೈಲಿನಿಂದ ಜೈಲಿಗೆ ಬೇರೆ. ಮೊದಲೇ ವಿಚಾರಿಸಿ. ‘ಇ-ಮುಲಾಕಾತ್’ ಎಂಬ ಸರ್ಕಾರಿ ಜಾಲತಾಣದಲ್ಲೂ ಭೇಟಿಗೆ ಹೆಸರು ನೋಂದಾಯಿಸಬಹುದು. ಗುರುತಿನ ಚೀಟಿಯ ಅಸಲು, ಜೆರಾಕ್ಸ್ ಎರಡೂ ಇರಲಿ. ಬಂದಿಯ ಪೂರ್ಣ ಹೆಸರು, ತಂದೆಯ ಹೆಸರು ಬರೆದಿಟ್ಟುಕೊಳ್ಳಿ. ಮೊಬೈಲು, ಬೀಡಿ, ಹೊಗೆಸೊಪ್ಪು ಒಳಗೆ ಒಯ್ಯಬೇಡಿ. ಬಟ್ಟೆ, ತಿಂಡಿ ಕೊಡಬಹುದೇ ಎಂದು ಕೇಳಿಯೇ ಒಯ್ಯಿರಿ. ಔಷಧಿಯಿದ್ದರೆ ವೈದ್ಯರ ಚೀಟಿಯೊಡನೆ ಸಿಬ್ಬಂದಿಗೆ ತೋರಿಸಿ.

ಸಿಗುವ ಸಮಯ ಕಡಿಮೆ. ಹೇಳಬೇಕಾದ ನಾಲ್ಕು ಮಾತುಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ಮೊಕದ್ದಮೆಯ ಒಳಮಾತು ವಕೀಲರಿಗೇ ಇರಲಿ. ವಕೀಲರನ್ನಿಡಲು ಶಕ್ತಿಯಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವು ಉಂಟು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಿರಿ. 15100ಕ್ಕೆ ಫೋನ್ ಮಾಡಿದರೂ ಆದೀತು.

ಪಾಲಕರಲ್ಲಿ ಒಂದು ಮಾತು. ಅಪ್ಪ ದುಬೈಗೆ ಹೋಗಿದ್ದಾರೆಂದು ಮಕ್ಕಳಿಗೆ ಸುಳ್ಳು ಹೇಳಬೇಡಿ. ನಿಜ ಬೀದಿಯಲ್ಲಿ ತಿಳಿದರೆ ನೋವು ಇಮ್ಮಡಿ. ಅಲ್ಲಿ ಕಾಯಬೇಕಾಗುತ್ತದೆ, ತಪಾಸಣೆ ಇರುತ್ತದೆ, ನಡುವೆ ಜಾಲರಿ ಇರಬಹುದು ಎಂದು ಮುಂಚೆಯೇ ಹೇಳಿ. ಬರಲೊಲ್ಲೆನೆಂದರೆ ಬಲವಂತ ಬೇಡ.

ವಿದ್ಯಾರ್ಥಿಗಳೇ, ಜೈಲಿನಲ್ಲಿರುವವರೆಲ್ಲ ಅಪರಾಧಿಗಳಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ತೀರ್ಪು ಇನ್ನೂ ಬಂದಿರಲಿಲ್ಲ. ನ್ಯಾಯಾಧೀಶರೇ ಹೇಳದ ತೀರ್ಪನ್ನು ಸಹಪಾಠಿಯ ಮುಂದೆ ನೀವು ಹೇಳಬೇಡಿ.

ಮುಂದಿನ ವಾರ ಹುಡುಗ ತಾಯಿಯೊಡನೆ ಹೋಗಿ ಬಂದ. ‘ಅಪ್ಪ ಏನಂದರು?’ ಎಂದೆ. ‘ಗಣಿತದಲ್ಲಿ ಎಷ್ಟು ಬಂತು ಅಂತ ಕೇಳಿದ್ರು, ಸಾರ್’ ಎಂದ.